ದತ್ತಕದ ಜಮಾಖರ್ಚು

ಒಂದು ಕೂಸಿನ ದತ್ತಕಕ್ಕಾಗಿ ಎಷ್ಟು ಹಣ ವೆಚ್ಚವಾಯಿತು, ಅದನ್ನು ಪಡೆದವರು ಯಾರು, ಯಾವ ಬಾಬಿಗಾಗಿ ಪಡೆದರು—ಈ ಮೂರು ಪ್ರಶ್ನೆಗಳಿಗೆ ಪ್ರಮಾಣಪೂರ್ವಕವಾದ ಲಿಖಿತ ಉತ್ತರವು ದೊರೆಯುವವರೆಗೆ ಯಾವ ಅಧಿಕಾರಸ್ಥಾನದಿಂದಲೂ ದತ್ತಕದ ಆಜ್ಞೆಯು ಹೊರಡಕೂಡದೆಂಬುದು ನಮ್ಮ ದೃಢವಾದ ಅಭಿಪ್ರಾಯವಾಗಿದೆ. ಮೇಲುನೋಟಕ್ಕೆ ಇದು ಗುಮಾಸ್ತರ ಲೆಕ್ಕಪತ್ರದ ವಿಷಯವಾಗಿ ಕಾಣಬಹುದು. ಆದರೆ ಲೆಕ್ಕವಿಲ್ಲದ ಕಡೆ ಬೆಲೆ ಹುಟ್ಟುತ್ತದೆ. ಬೆಲೆ ಹುಟ್ಟಿದ ಕಡೆ ಬಜಾರು ನೆರೆಯುತ್ತದೆ. ಬಜಾರು ನೆರೆದ ಮೇಲೆ ಕೂಸು ಮಗುವಾಗಿ ಉಳಿಯದೆ ಸರಕಾಗುತ್ತದೆ.

ಕೆಲವು ಕಾಲದ ಹಿಂದೆ ದಂಪತಿಗಳಿಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಪತಿಯು ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಬಹುಕಾಲ ಮಕ್ಕಳಿಲ್ಲದೆ ಕೊರಗಿ, ಕೊನೆಗೆ ಒಂದು ಸಂಸ್ಥೆಯಿಂದ ಹೆಣ್ಣುಕೂಸೊಂದನ್ನು ದತ್ತು ಪಡೆದವರು. ಕೂಸು ತಾಯಿಯ ಮಡಿಲಲ್ಲಿ ನಿದ್ರಿಸುತ್ತಿದ್ದಿತು. ಅವರು ನಮ್ಮ ಮೇಜಿನ ಮೇಲೆ ಎರಡು ರಶೀದಿಗಳನ್ನಿಟ್ಟರು. ಮೊದಲನೆಯದು ನಿಯಮದಂತೆ ತೆತ್ತ ಶುಲ್ಕದ್ದು. ಎರಡನೆಯದು ಸಂಸ್ಥೆಯ ಕಟ್ಟಡದ ನಿಧಿಗೆ ‘ಸ್ವಸಂತೋಷದಿಂದ’ ಕೊಟ್ಟ ದಾನದ್ದು. ಮೂರನೆಯ ಮೊತ್ತವೊಂದಿದ್ದಿತು, ಅದು ಇವೆರಡಕ್ಕಿಂತಲೂ ದೊಡ್ಡದು, ಅದಕ್ಕೆ ರಶೀದಿಯಿರಲಿಲ್ಲ. ಅದನ್ನು ಹೊಂದಿಸುವುದಕ್ಕೆ ಆ ತಾಯಿಯ ಕೈಬಳೆಗಳು ಹೋಗಿದ್ದವು. “ಹಣ ಕೊಟ್ಟಿರಾ ಎಂದು ಯಾರಾದರೂ ಕೇಳಿದರೆ ಇಲ್ಲವೆಂದು ಹೇಳಿ ಎಂದಿದ್ದರು, ಸ್ವಾಮಿ. ಹಾಗೆಯೇ ಹೇಳಿ ರುಜು ಹಾಕಿದೆವು. ಈಗ ಯಾರು ಬಾಗಿಲು ತಟ್ಟಿದರೂ ಎದೆ ನಡುಗುತ್ತದೆ” ಎಂದರು. ಕೊಟ್ಟ ಹಣ ಮರಳಿ ಬೇಕೆಂದು ಅವರು ಕೇಳಲಿಲ್ಲ. ನಿಜ ಹೇಳಿದರೆ ಮಗುವನ್ನು ಕಿತ್ತುಕೊಳ್ಳುವರೇ ಎಂಬುದೊಂದೇ ಅವರ ಪ್ರಶ್ನೆ. ಅವರಿಗೆ ಸಮಾಧಾನವಾಗುವಂಥ ಉತ್ತರವನ್ನು ಕೊಡಲು ನಮ್ಮಿಂದಾಗಲಿಲ್ಲ. ಆ ಅಸಮಾಧಾನವೇ ಈ ಲೇಖನಕ್ಕೆ ಕಾರಣ.

ಮಗುವಿಗೆ ಬೆಲೆ ಕಟ್ಟುವುದು ಇಂದಿನ ರೋಗವೆಂದು ತಿಳಿಯುವುದು ತಪ್ಪು. ಐತರೇಯ ಬ್ರಾಹ್ಮಣದಲ್ಲಿ ಬರುವ ಶುನಶ್ಶೇಪನ ಕಥೆಯನ್ನು ವಾಚಕರು ಬಲ್ಲರು. ಹಸಿವಿನಿಂದ ಬಳಲುತ್ತಿದ್ದ ಅಜೀಗರ್ತನು ತನ್ನ ನಡುವಣ ಮಗನನ್ನು ಹರಿಶ್ಚಂದ್ರನ ಮಗನಾದ ರೋಹಿತನಿಗೆ ನೂರು ಗೋವುಗಳಿಗೆ ಕೊಟ್ಟನು. ಯೂಪಕ್ಕೆ ಕಟ್ಟುವುದಕ್ಕೆ ಇನ್ನೊಂದು ನೂರು, ಕತ್ತಿಯೆತ್ತುವುದಕ್ಕೆ ಮತ್ತೊಂದು ನೂರು ಪಡೆದನು. ದೇವತೆಗಳ ಕೃಪೆಯಿಂದ ಬಂಧಮುಕ್ತನಾದ ಆ ಬಾಲಕನನ್ನು ವಿಶ್ವಾಮಿತ್ರನು ಏನನ್ನೂ ಕೊಡದೆ, ಏನನ್ನೂ ಕೊಳ್ಳದೆ ಮಗನಾಗಿ ಸ್ವೀಕರಿಸಿ ದೇವರಾತನೆಂದು ಕರೆದನು. ಅಜೀಗರ್ತನು ಮಗನು ಬೇಕೆಂದು ಮತ್ತೆ ಬಂದಾಗ ಆ ಬಾಲಕನು ಮುನ್ನೂರು ಗೋವುಗಳ ಲೆಕ್ಕವನ್ನು ಅವನ ಮುಂದಿಟ್ಟು ನಿರಾಕರಿಸಿದನು. ಕ್ರಯವೆಂದರೇನು, ದತ್ತಕವೆಂದರೇನು ಎಂಬುದನ್ನು ಒಂದೇ ಕಥೆಯಲ್ಲಿ ಅಕ್ಕಪಕ್ಕಕ್ಕಿಟ್ಟು ತೋರಿಸಿದ ಹಿರಿಯರು ನಮ್ಮವರು. ಮನುವು ಹನ್ನೆರಡು ಬಗೆಯ ಪುತ್ರರನ್ನು ಎಣಿಸುವಾಗ ದತ್ತನೊಡನೆ ಕ್ರೀತನನ್ನೂ, ಎಂದರೆ ಬೆಲೆಗೆ ಕೊಂಡವನನ್ನೂ, ಎಣಿಸಿದ್ದಾನೆ. ಆದರೆ ನಂತರದ ನಿಬಂಧಕಾರರು ಕಲಿಯುಗದಲ್ಲಿ ಕ್ರೀತಪುತ್ರನು ಸಲ್ಲನೆಂದು ಬಿಟ್ಟುಬಿಟ್ಟರು. ದಾನವೂ ಪ್ರತಿಗ್ರಹವೂ ಇದ್ದರೆ ದತ್ತಕ. ಬೆಲೆಯು ನಡುವೆ ಬಂದರೆ ಅದು ವಿಕ್ರಯ.

ಆಧುನಿಕ ಶಾಸನವೂ ಇದೇ ಮಾತನ್ನು ಹೇಳುತ್ತದೆ. ಇಂಗ್ಲೆಂಡಿನ 1926ರ ದತ್ತಕ ಕಾಯಿದೆಯು, ನ್ಯಾಯಾಲಯವು ಒಪ್ಪಿದುದರ ಹೊರತು ಬೇರಾವ ಹಣವಾಗಲಿ ಪ್ರತಿಫಲವಾಗಲಿ ಸಂದಿಲ್ಲವೆಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕೆಂದು ವಿಧಿಸಿತು. ಅದೇ ಷರತ್ತು ನಮ್ಮ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ 9ನೆಯ ಪ್ರಕರಣದಲ್ಲಿ ಬಂದಿತು. 17ನೆಯ ಪ್ರಕರಣವು ದತ್ತಕಕ್ಕೆ ಪ್ರತಿಯಾಗಿ ಹಣ ಕೊಡುವುದನ್ನೂ ಕೊಳ್ಳುವುದನ್ನೂ ಅಪರಾಧವೆಂದು ಸಾರಿ ಆರು ತಿಂಗಳವರೆಗೆ ಸೆರೆವಾಸವನ್ನು ಗೊತ್ತುಪಡಿಸಿತು. ಆದರೆ ಅದೇ ಪ್ರಕರಣವು ರಾಜ್ಯ ಸರಕಾರದ ಪೂರ್ವಾನುಮತಿಯಿಲ್ಲದೆ ಮೊಕದ್ದಮೆ ಹೂಡಕೂಡದೆಂದೂ ಹೇಳಿತು. ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಅಟ್ಟದ ಮೇಲಿಟ್ಟಂತಾಯಿತು.

ಈ ವಿಷಯಕ್ಕೆ ನಿಜವಾದ ಬೆಳಕು ಬಿದ್ದುದು 1984ರಲ್ಲಿ. ಭಾರತದ ಮಕ್ಕಳನ್ನು ವಿದೇಶೀಯರಿಗೆ ದತ್ತು ಕೊಡಿಸುವ ಕೆಲವು ಸಂಸ್ಥೆಗಳ ಅಕ್ರಮಗಳನ್ನು ಕುರಿತು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು 1982ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಬರೆದ ಪತ್ರವನ್ನೇ ನ್ಯಾಯಾಲಯವು ಅರ್ಜಿಯೆಂದು ಎಣಿಸಿತು. ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಬರೆದ ತೀರ್ಪು ಕೇವಲ ನೀತಿಬೋಧೆಯಲ್ಲಿ ನಿಲ್ಲದೆ ಖರ್ಚಿನ ಪಟ್ಟಿಯೊಳಕ್ಕೇ ಇಳಿಯಿತು. ಮಗುವನ್ನು ಆರಿಸಿದ ದಿನದಿಂದ ಅದು ಹೊರಡುವವರೆಗಿನ ಪಾಲನೆಗೆ ದಿನವೊಂದಕ್ಕೆ 60 ರೂಪಾಯಿ ಮೀರಕೂಡದು. ವೈದ್ಯಕೀಯ ವೆಚ್ಚಕ್ಕೆ ಬಿಲ್ಲುಗಳಿರಬೇಕು. ಅರ್ಜಿ, ವಕೀಲಿ, ಪಾಸ್‌ಪೋರ್ಟು ಮುಂತಾದ ಖರ್ಚುಗಳಿಗೂ ನ್ಯಾಯಾಲಯದ ಅಂಕೆಯಿರಬೇಕು. ಲಾಭದಾಸೆಗೆ ಎಡೆ ಸಿಕ್ಕರೆ ದತ್ತಕವು ಮಕ್ಕಳ ವ್ಯಾಪಾರವಾಗುವುದೆಂಬುದೇ ಇದಕ್ಕೆ ಆಧಾರ. 1990ರಲ್ಲಿ ಕೇಂದ್ರ ದತ್ತಕ ಸಂಸ್ಥೆಯು ಹುಟ್ಟಿದುದು ಈ ತೀರ್ಪಿನ ಫಲವಾಗಿ. 1993ರ ಹೇಗ್ ಒಪ್ಪಂದದ 32ನೆಯ ವಿಧಿಯೂ ನ್ಯಾಯವಾದ ವೆಚ್ಚ ಮತ್ತು ಶುಲ್ಕಗಳ ಹೊರತು ಯಾರೂ ಲಾಭ ಪಡೆಯಕೂಡದೆಂದು ಹೇಳಿತು. ಭಾರತವು ಅದನ್ನು 2003ರಲ್ಲಿ ಅನುಮೋದಿಸಿತು.

ಈ ಎಚ್ಚರಿಕೆಗಳು ವ್ಯರ್ಥವಾದುವಲ್ಲವೆಂಬುದಕ್ಕೆ ನಮ್ಮ ನೆರೆಯ ನಾಡೇ ಸಾಕ್ಷಿ. 1999ರಲ್ಲೂ 2001ರಲ್ಲೂ ಹೈದರಾಬಾದಿನಲ್ಲಿ ಹೊರಬಿದ್ದ ಸಂಗತಿಗಳನ್ನು ಮರೆಯುವಂತಿಲ್ಲ. ಲಂಬಾಣಿ ತಾಂಡಾಗಳ ಬಡತಾಯಂದಿರಿಂದ ಹೆಣ್ಣುಕೂಸುಗಳನ್ನು ಅಲ್ಪ ಹಣಕ್ಕೆ ಪಡೆದು ದತ್ತಕದ ಹೆಸರಿನಲ್ಲಿ ವಿದೇಶಕ್ಕೆ ಸಾಗಿಸುವ ಜಾಲವು ಆಗ ಬಯಲಾಯಿತು. ತಾಯಿಗೆ ಸಿಕ್ಕಿದ್ದು ಪುಡಿಗಾಸು. ದತ್ತು ಪಡೆದವರು ತೆತ್ತದ್ದು ದೊಡ್ಡ ಮೊತ್ತ. ನಡುವಣ ಅಂತರವೇ ದಲ್ಲಾಳಿಯ ಸಂಪಾದನೆ. ಆ ಅಂತರವು ಯಾವ ಲೆಕ್ಕದಲ್ಲಿಯೂ ಬರೆದಿರಲಿಲ್ಲ. ಅದೇ ತಾಂಡಾಗಳ ಬಂಧುಬಳಗವು ನಮ್ಮ ಕಲಬುರಗಿ, ವಿಜಯಪುರಗಳಲ್ಲಿಯೂ ಇದೆ, ಅಲ್ಲಿಯೂ ಬಡತನವಿದೆ. 2025ರ ಏಪ್ರಿಲಿನಲ್ಲಿ, ವಾರಾಣಸಿಯ ಕಡೆಯ ಶಿಶುಮಾರಾಟದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಆರೋಪಿಗಳ ಜಾಮೀನನ್ನು ರದ್ದುಗೊಳಿಸಿ, ನವಜಾತ ಶಿಶುವು ಕಳವಾದ ಆಸ್ಪತ್ರೆಯ ಪರವಾನಗಿಯನ್ನು ಮೊದಲು ಅಮಾನತುಗೊಳಿಸಬೇಕೆಂದು ಹೇಳಬೇಕಾಯಿತು. ರೋಗವು ವಾಸಿಯಾಗಿದೆಯೆಂದು ಹೇಳುವ ಧೈರ್ಯ ಯಾರಿಗಿದೆ?

ಈಗಿನ ಕಾಯಿದೆಯ ಸ್ಥಿತಿಯನ್ನು ನೋಡೋಣ. 2015ರ ಬಾಲನ್ಯಾಯ ಕಾಯಿದೆಯ 61ನೆಯ ಪ್ರಕರಣವು, ನಿಯಮದಲ್ಲಿ ಹೇಳಿದ ಶುಲ್ಕದ ಹೊರತು ಯಾವ ಹಣವೂ ಸಂದಿಲ್ಲವೆಂದು ಆಜ್ಞೆ ಕೊಡುವವರಿಗೆ ಮನವರಿಕೆಯಾದ ಹೊರತು ಆಜ್ಞೆ ಹೊರಡಕೂಡದೆನ್ನುತ್ತದೆ. ಶುಲ್ಕವೇನೂ ಗುಟ್ಟಲ್ಲ. 2017ರ ನಿಯಮಗಳಲ್ಲಿ ಗೃಹಪರಿಶೀಲನೆಗೆ 6,000 ರೂಪಾಯಿ, ಶಿಶುಪಾಲನಾ ನಿಧಿಗೆ 40,000 ರೂಪಾಯಿ, ದತ್ತಕದ ನಂತರದ ಪ್ರತಿ ಭೇಟಿಗೆ 2,000 ರೂಪಾಯಿ, ವಿದೇಶೀಯರಿಗೆ 5,000 ಡಾಲರ್ ಎಂದು ನಿಗದಿಯಾಗಿದ್ದಿತು; 2022ರಲ್ಲಿ ಹೊಸ ನಿಯಮಗಳು ಬಂದವು. ಅಂಕಿಗಳು ಕಾಲಕಾಲಕ್ಕೆ ಬದಲಾದರೂ, ಬರೆದಿಟ್ಟ ದರವಿದೆ, ಅದರ ಹೊರಗಿನದು ಅಕ್ರಮ ಎಂಬ ತತ್ತ್ವವು ಬದಲಾಗಿಲ್ಲ.

ಆದರೆ 2021ರ ತಿದ್ದುಪಡಿಯು ಒಂದು ದೊಡ್ಡ ಮಾರ್ಪಾಟನ್ನು ಮಾಡಿತು. 2022ರ ಸೆಪ್ಟೆಂಬರಿನಿಂದ ದತ್ತಕದ ಆಜ್ಞೆಯನ್ನು ಕೊಡುವ ಅಧಿಕಾರವು ನ್ಯಾಯಾಲಯದಿಂದ ಜಿಲ್ಲಾ ದಂಡಾಧಿಕಾರಿಗಳಿಗೆ ಸಂದಿತು. ಮೇಲ್ಮನವಿಯು ವಿಭಾಗೀಯ ಆಯುಕ್ತರ ಮುಂದೆ. ಕಾರಣವು ಅಲ್ಲಗಳೆಯುವಂಥದಲ್ಲ. ಎರಡು ತಿಂಗಳಲ್ಲಿ ಮುಗಿಸಬೇಕೆಂದು ಕಾಯಿದೆಯು ಹೇಳಿದ್ದರೂ ಎಷ್ಟೋ ಅರ್ಜಿಗಳು ನ್ಯಾಯಾಲಯಗಳಲ್ಲಿ ಅದನ್ನು ಮೀರಿ ಕಾಯುತ್ತಿದ್ದವು. ಕಾಯುವ ಮಗುವಿಗೆ ಒಂದೊಂದು ತಿಂಗಳೂ ಒಂದೊಂದು ಯುಗ. ದತ್ತಕವು ಬೇಗ ನಡೆಯಬೇಕೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಪ್ರಮಾಣಪತ್ರವನ್ನು ಪ್ರಶ್ನಿಸಿ, ಸಾಕ್ಷಿಯನ್ನು ಕೆದಕಿ, ಸುಳ್ಳನ್ನು ಸೋಸಿ ತೆಗೆಯುವುದು ನ್ಯಾಯಾಧೀಶರ ನಿತ್ಯದ ವೃತ್ತಿ. ಕಂದಾಯ, ಬರ, ನೆರೆ, ಚುನಾವಣೆಗಳ ನಡುವೆ ಕಡತ ನೋಡುವ ಜಿಲ್ಲಾಧಿಕಾರಿಗಳಿಗೆ ಅದು ಹತ್ತರಲ್ಲಿ ಹನ್ನೊಂದನೆಯ ಕೆಲಸ. ಅಧಿಕಾರವು ಸಂದಿತು, ಅದರೊಡನೆ ಶೋಧನೆಯ ಅಭ್ಯಾಸವೂ ಸಂದಿತೇ? ಹಣ ಸಂದಿಲ್ಲವೆಂಬ ಒಂದು ಸಾಲಿನ ಕೆಳಗೆ ರುಜು ಬಿದ್ದರೆ ‘ಮನವರಿಕೆ’ಯಾಯಿತೆಂದು ಭಾವಿಸಿದರೆ ಕಾಯಿದೆಯ ಅಕ್ಷರವು ಉಳಿದು ಪ್ರಾಣವು ಹೋಗುತ್ತದೆ.

ಇನ್ನೊಂದು ಬಿರುಕು ಇದಕ್ಕಿಂತಲೂ ಅಗಲವಾದದ್ದು. 1956ರ ಕಾಯಿದೆಯಂತೆ ಹೆತ್ತ ತಂದೆತಾಯಿಗಳೇ ಮಗುವನ್ನು ಕೊಡುವಾಗ ಯಾವ ನ್ಯಾಯಾಲಯದ ಅಪ್ಪಣೆಯೂ ಬೇಕಿಲ್ಲ. ಕೊಟ್ಟವರೂ ಕೊಂಡವರೂ ರುಜು ಮಾಡಿದ ದಸ್ತಾವೇಜು ನೋಂದಣಿಯಾದರೆ, ಹುಸಿಯೆಂದು ಸಾಬೀತಾಗುವವರೆಗೂ ಅದು ಕ್ರಮಬದ್ಧವೆಂದು ನ್ಯಾಯಾಲಯವು ಭಾವಿಸತಕ್ಕದ್ದೆಂದು 16ನೆಯ ಪ್ರಕರಣವು ಹೇಳುತ್ತದೆ. ಬಾಲನ್ಯಾಯ ಕಾಯಿದೆಯು ಇಂಥ ದತ್ತಕಗಳನ್ನು ಮುಟ್ಟುವುದಿಲ್ಲ. ಅಣ್ಣನ ಮಗನನ್ನು ತಮ್ಮನು, ಅಕ್ಕನ ಮಗಳನ್ನು ತಂಗಿಯು ತೆಗೆದುಕೊಳ್ಳುವ ಕುಟುಂಬದ ವ್ಯವಹಾರಕ್ಕೆ ಈ ಸುಲಭವಾದ ದಾರಿ ಇರಲಿ. ಆದರೆ ಪರಸ್ಪರ ಹೆಸರೂ ತಿಳಿಯದ ಬಡವರಿಗೂ ಉಳ್ಳವರಿಗೂ ನಡುವೆ ದಲ್ಲಾಳಿಯು ನಿಂತು ದಸ್ತಾವೇಜು ಬರೆಸಿದರೆ ಹಣದ ಪ್ರಶ್ನೆಯನ್ನು ಕೇಳುವವರು ಯಾರು?

ನಮಗೆ ಎದುರಾಗಿ ಹೇಳಬಹುದಾದ ಮಾತುಗಳೂ ಇವೆ. ಅನಾಥ ಶಿಶುವಿಗೆ ಹಾಲು, ಔಷಧ, ಆಯಾಳ ಸಂಬಳ ಇವು ಗಾಳಿಯಿಂದ ಬರುವುದಿಲ್ಲವೆಂದು ಸಂಸ್ಥೆಗಳವರು ಹೇಳುವರು. ಅದು ನಿಜ; ನಿಷ್ಠೆಯಿಂದ ದುಡಿಯುವ ಸಂಸ್ಥೆಗಳಿಗೆ ನಮ್ಮ ನಮಸ್ಕಾರ. ನಿಗದಿಯಾದ ಶುಲ್ಕವು ಸಾಲದಿದ್ದರೆ ಸರಕಾರವು ಅದನ್ನು ಹೆಚ್ಚಿಸಲಿ, ಅಥವಾ ಬೊಕ್ಕಸದಿಂದ ಕೊಡಲಿ. ಆದರೆ ಮಡಿಲು ಚಾಚಿ ನಿಂತ ತಾಯಿಯ ಮುಂದೆ ದಾನದ ಪುಸ್ತಕವನ್ನು ಹಿಡಿಯಕೂಡದು. ಆ ಗಳಿಗೆಯಲ್ಲಿ ಆಕೆ ಕೊಡುವುದು ದಾನವಲ್ಲ, ಒತ್ತೆಯ ಹಣ. ಲೆಕ್ಕ ಕೇಳಿದರೆ ಕುಟುಂಬದ ಗುಟ್ಟು ಬೀದಿಗೆ ಬೀಳುವುದೆಂಬುದು ಇನ್ನೊಂದು ಆಕ್ಷೇಪ. ಸುದ್ದಿಯನ್ನು ಪ್ರಕಟಿಸಿ ಬಾಳುವ ನಾವೇ ಹೇಳುತ್ತೇವೆ: ದತ್ತಕದ ವಿಚಾರಣೆಯು ಮುಚ್ಚಿದ ಬಾಗಿಲೊಳಗೇ ನಡೆಯಲಿ. ಲೆಕ್ಕವನ್ನು ಕಾಣಬೇಕಾದುದು ಆಜ್ಞೆ ಕೊಡುವವರ ಕಣ್ಣು, ಊರಿನ ಕಣ್ಣಲ್ಲ.

ಅನ್ಯದೇಶದಲ್ಲಿ ಇದಕ್ಕೆ ಮಾದರಿಯಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಕಾಯಿದೆಯಲ್ಲಿ, ದತ್ತಕವನ್ನು ಕೋರುವವರು ಮಗುವಿನ ಜನನ, ಆಸ್ಪತ್ರೆ, ವಕೀಲರು, ವೈದ್ಯರು ಇವರಿಗೆಲ್ಲ ಕೊಟ್ಟ ಅಥವಾ ಕೊಡಲೊಪ್ಪಿದ ಬೆಲೆಯುಳ್ಳ ಪ್ರತಿಯೊಂದನ್ನೂ ತಾರೀಖು ಮತ್ತು ಹೆಸರುಗಳೊಡನೆ ಬರೆದು, ಸುಳ್ಳಾದರೆ ಶಿಕ್ಷೆಗೊಳಗಾಗುವೆನೆಂಬ ಪ್ರಮಾಣದ ಮೇಲೆ, ವಿಚಾರಣೆಗೆ ಮುಂಚೆಯೇ ನ್ಯಾಯಾಲಯಕ್ಕೆ ಒಪ್ಪಿಸಬೇಕು. ಅವರಿಂದ ನಾವು ಎಲ್ಲವನ್ನೂ ಕಲಿಯಬೇಕಿಲ್ಲ. ಇದೊಂದನ್ನು ಕಲಿಯುವುದರಲ್ಲಿ ಅವಮಾನವೇನೂ ಇಲ್ಲ.

ಆದುದರಿಂದ ನಾವು ಸೂಚಿಸುವುದಿಷ್ಟು. ಮೊದಲನೆಯದಾಗಿ, ಸಂಸ್ಥೆಯವರೂ ದಂಪತಿಗಳೂ ಬೇರೆ ಬೇರೆಯಾಗಿ ಪ್ರಮಾಣದ ಮೇಲೆ ಜಮಾಖರ್ಚನ್ನು ಒಪ್ಪಿಸಲಿ. ಎರಡನ್ನೂ ಅಧಿಕಾರಿಯು ತಾಳೆ ನೋಡಲಿ. ಖರ್ಚಿಲ್ಲದ ಬಾಬಿನ ಎದುರಿಗೆ ‘ಇಲ್ಲ’ವೆಂದೇ ಬರೆಯಲಿ, ಖಾಲಿ ಬಿಡಕೂಡದು. ಎರಡನೆಯದಾಗಿ, ನಿಗದಿಯಾದ ಶುಲ್ಕದ ಪಟ್ಟಿಯನ್ನು ಸ್ವಚ್ಛವಾದ ಕನ್ನಡದಲ್ಲಿ ಅಚ್ಚುಹಾಕಿಸಿ ಪ್ರತಿ ಸಂಸ್ಥೆಯ ಬಾಗಿಲಲ್ಲಿ ತೂಗುಹಾಕಲಿ. ಮೂರನೆಯದಾಗಿ, ಅಪರಿಚಿತರ ನಡುವಣ ದತ್ತಕದ ದಸ್ತಾವೇಜನ್ನು ಹಣದ ಪ್ರಮಾಣಪತ್ರವಿಲ್ಲದೆ ನೋಂದಣಿ ಮಾಡದಂತೆ ಕಾಯಿದೆಯನ್ನು ತಿದ್ದಲಿ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ತಮ್ಮಿಂದ ಅಕ್ರಮವಾಗಿ ಹಣ ಕಿತ್ತರೆಂದು ಆಜ್ಞೆಗೆ ಮುಂಚೆಯೇ ನಿಜ ನುಡಿದ ದಂಪತಿಗಳಿಗೆ ಶಿಕ್ಷೆಯ ಭಯವಿಲ್ಲದಿರಲಿ, ಮಗುವು ಕ್ರಮವಾಗಿಯೇ ದತ್ತಕಕ್ಕೆ ಅರ್ಹವಾಗಿದ್ದರೆ, ಸಂಸ್ಥೆಯವರ ಪಾಪಕ್ಕಾಗಿ ಅದನ್ನು ಕಿತ್ತುಕೊಳ್ಳದಿರಲಿ. ನಿಜ ಹೇಳಿದವನಿಗೆ ದಂಡವೆಂದಾದರೆ ಸುಳ್ಳು ಹೇಳಿಸಿದವನೇ ಗೆದ್ದಂತೆ.

ಹದಿನೆಂಟು ತುಂಬಿದ ದತ್ತು ಮಗನಾಗಲಿ ಮಗಳಾಗಲಿ ತನ್ನ ಮೂಲವನ್ನು ಅರಸಬಹುದೆಂದು ನಿಯಮಗಳೇ ಒಪ್ಪಿವೆ. ನಮ್ಮ ಕಚೇರಿಯಲ್ಲಿ ನಿದ್ರಿಸುತ್ತಿದ್ದ ಆ ಕೂಸು ಕೂಡ ಒಂದು ದಿನ ತನ್ನ ಕಡತವನ್ನು ಕೇಳಬಹುದು. ಅದರಲ್ಲಿ ಆಕೆಯ ಪಾಲನೆಗಾಗಿ ಆದ ವೆಚ್ಚದ ಪ್ರಾಮಾಣಿಕವಾದ ಲೆಕ್ಕವಿದ್ದರೆ, ತನ್ನನ್ನು ಎಷ್ಟು ಜತನದಿಂದ ಕಾಪಾಡಿದರೆಂದು ಆಕೆ ತಿಳಿಯುವಳು. ಅಲ್ಲಿ ಒಂದು ಸುಳ್ಳಿನ ಕೆಳಗೆ ತಾಯಿತಂದೆಗಳ ರುಜು ಮಾತ್ರ ಇದ್ದರೆ ಆಕೆ ಏನೆಂದು ತಿಳಿಯಬೇಕು? ಅದನ್ನು ಸರಕಾರವೂ ಜಿಲ್ಲಾಧಿಕಾರಿಗಳೂ ಇಂದೇ ಯೋಚಿಸಲಿ.