ಸರ್ಟಿಫಿಕೇಟಿಗೆ ಸಾಲವೇಕೆ?



ಹೊಳಲ್ಕೆರೆ ತಾಲ್ಲೂಕಿನ ಒಂದು ಸ್ವಸಹಾಯ ಸಂಘದ ಸಭೆಗೆ ಇತ್ತೀಚೆಗೆ ಹೋಗಿದ್ದೆ. ಸದಸ್ಯೆಯೊಬ್ಬಳು 18,000 ರೂಪಾಯಿ ಸಾಲ ಕೇಳಿದ್ದಳು. ಹಸುವಿಗಲ್ಲ, ಹೊಲಿಗೆ ಯಂತ್ರಕ್ಕಲ್ಲ. ಖಾಸಗಿ ಸಂಸ್ಥೆಯೊಂದು ಅಂಚೆಯ ಮೂಲಕ ಕಲಿಸುವ ಆರು ತಿಂಗಳ 'ಕ್ರಿಮಿನಲ್ ಜಸ್ಟೀಸ್ ಸರ್ಟಿಫಿಕೇಟ್' ಕೋರ್ಸಿಗೆ. ಅವಳ ತಂಗಿ ಗಂಡನ ಮನೆಯಲ್ಲಿ ವರದಕ್ಷಿಣೆಗಾಗಿ ಪೆಟ್ಟು ತಿನ್ನುತ್ತಿದ್ದಾಳೆ. ದೂರು ಕೊಡಲು ಹೋದಾಗ ಠಾಣೆಯೊಂದರಲ್ಲಿ "ನಿಂಗೇನಮ್ಮ ಗೊತ್ತು ಕಾನೂನು?" ಎಂದು ವಾಪಸು ಕಳಿಸಿದರಂತೆ.

"ಮೇಡಂ, ಕೈಯಾಗೆ ಒಂದು ಸರ್ಟಿಫಿಕೇಟ್ ಇದ್ರೆ ನನ್ನ ಮಾತಿಗೂ ಬೆಲೆ ಬರ್ತದಲ್ವ?" ಎಂದು ಕೇಳಿದಳು.

ಅವಳ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಆ ಆಸೆಯನ್ನು ಮಾರಾಟಕ್ಕಿಟ್ಟವರ ಬಗ್ಗೆ ನನಗೆ ಸಿಟ್ಟಿದೆ. ಮೊದಲು ಲೆಕ್ಕ ನೋಡೋಣ. ಹದಿನೈದು ಹೆಂಗಸರು ವಾರಕ್ಕೆ 50 ರೂಪಾಯಿಯಂತೆ 24 ವಾರ ಕಟ್ಟಿದರೆ 18,000 ಆಗುತ್ತದೆ. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ, ತಿಂಗಳಿಗೆ 1,000 ಅಸಲು ಎಂದರೆ ತೀರಲು 18 ತಿಂಗಳು. ಬಡ್ಡಿಯೇ 3,420 ರೂಪಾಯಿ. ಪರೀಕ್ಷೆಗೆಂದು ಹೋಗಿಬರುವ ಬಸ್ ಚಾರ್ಜು, ತಪ್ಪಿದ ಕೂಲಿ ಬೇರೆ.

ಇಷ್ಟು ಕೊಟ್ಟರೆ ಬರುವುದೇನು? ಈ ಕಾಗದದಿಂದ ವಕೀಲರಾಗಲು ಸಾಧ್ಯವಿಲ್ಲ. ಅದಕ್ಕೆ ಕಾನೂನು ಪದವಿ ಬೇಕು, ವಕೀಲರ ಪರಿಷತ್ತಿನಲ್ಲಿ ನೋಂದಣಿ ಬೇಕು. ಪೊಲೀಸ್ ಕೆಲಸಕ್ಕೆ ನೇಮಕಾತಿ ಪರೀಕ್ಷೆಯನ್ನೇ ಪಾಸು ಮಾಡಬೇಕು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಕ್ರಿಮಿನಲ್ ಜಸ್ಟೀಸ್ ಸ್ನಾತಕೋತ್ತರ ಡಿಪ್ಲೊಮಾಗೆ ಸೇರಲು ಪದವಿ ಆಗಿರಬೇಕು. ಈಕೆ ಓದಿರುವುದು ಎಸ್ಸೆಸ್ಸೆಲ್ಸಿ. ಓದಬೇಡಿ ಎಂದು ನಾನು ಹೇಳುತ್ತಿಲ್ಲ. ಮಗಳು ವಕೀಲೆಯಾಗಬೇಕೆಂದರೆ ಸಾಲ ಮಾಡಿಯಾದರೂ ಕಾನೂನು ಕಾಲೇಜಿಗೇ ಕಳಿಸಿ.

ಆದರೆ ತಂಗಿಯನ್ನು ಉಳಿಸಲು ಸರ್ಟಿಫಿಕೇಟ್ ತಾ ಎಂದು ಯಾವ ಕಾನೂನೂ ಕೇಳುವುದಿಲ್ಲ. ಹಿಂದಿನ 498ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು ಆಗಿದೆ. ನೊಂದವಳು ಅಥವಾ ಅವಳ ರಕ್ತಸಂಬಂಧಿ ದೂರು ಕೊಟ್ಟರೆ ಪೊಲೀಸರು ವಾರಂಟಿಲ್ಲದೆ ಕ್ರಮ ಕೈಗೊಳ್ಳಬಹುದು. ಒಡಹುಟ್ಟಿದ ಅಕ್ಕನಿಗಿಂತ ಬೇರೆ ಅರ್ಹತೆ ಬೇಕೆ? ಕೃತ್ಯ ನಡೆದ ಊರು ತಮ್ಮ ಸರಹದ್ದಿನದಲ್ಲ ಎಂದು ಠಾಣೆಯವರು ನಿರಾಕರಿಸುವಂತಿಲ್ಲ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ದಾಖಲಿಸದಿದ್ದರೆ ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ದೂರು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ.

ನೆರೆಮನೆಯವರಿಗೂ ದಾರಿಯಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 4ನೇ ಕಲಮಿನ ಪ್ರಕಾರ ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. 'ಯಾರೇ ಆಗಲಿ' ಎಂದರೆ ಹೆಬ್ಬೆಟ್ಟು ಒತ್ತುವವಳೂ ಸೇರಿದಳು.

ವಕೀಲರ ಫೀಜಿಗೂ ಸಾಲ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಹೆಣ್ಣು ಉಚಿತ ಕಾನೂನು ನೆರವಿಗೆ ಅರ್ಹಳು. ಚಿತ್ರದುರ್ಗದಲ್ಲಿ ಜಿಲ್ಲಾ ಪ್ರಾಧಿಕಾರ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ ತಾಲ್ಲೂಕು ಸಮಿತಿಗಳು ನ್ಯಾಯಾಲಯದ ಆವರಣದಲ್ಲೇ ಇವೆ. ಫೋನು 15100. ಕಾನೂನು ಕಲಿಯುವ ಹಂಬಲವಿದ್ದರೆ 2009ರಲ್ಲಿ ಶುರುವಾದ ಅರೆ ಕಾನೂನು ಸ್ವಯಂಸೇವಕರ ಯೋಜನೆಯಿದೆ. ಸ್ವಸಹಾಯ ಸಂಘದ ಸದಸ್ಯೆಯರನ್ನು ಅದರಲ್ಲಿ ಹೆಸರಿಸಿಯೇ ಸೇರಿಸಿದ್ದಾರೆ. ಆಯ್ಕೆಯಾದವರಿಗೆ ತರಬೇತಿ ಉಚಿತ. ಹಣ ಕೊಟ್ಟು ಕೊಳ್ಳುವ ಕಾಗದಕ್ಕಿಂತ ಇದು ಮೇಲಲ್ಲವೆ?

ಇನ್ನು ನನ್ನ ಮಾತು. ನನ್ನ ಬಳಿ ಎಂ.ಎ. ಪದವಿ ಇತ್ತು, ಕಾಲೇಜಿನಲ್ಲಿ ಉಪನ್ಯಾಸಕಿಯ ಕುರ್ಚಿ ಇತ್ತು. ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ಸ್ಟಾಫ್ ರೂಮಿಗೆ ಬಂದು ಸೆರಗು ಸರಿಸಿ ಬಾಸುಂಡೆ ತೋರಿಸಿದಳು. "ಸ್ವಲ್ಪ ಅನುಸರಿಸಿಕೊಂಡು ಹೋಗಮ್ಮ" ಎಂದು ನಾನು ಹೇಳಿ ಕಳಿಸಿದೆ. ಮತ್ತೆ ಅವಳು ಬರಲಿಲ್ಲ. ಆಗ ನನಗಿಲ್ಲದ್ದು ಧೈರ್ಯ, ಓದಲ್ಲ. ಒಂಟಿಯಾಗಿ ಠಾಣೆಯ ಮೆಟ್ಟಿಲು ಹತ್ತಲು ನನಗೂ ಹೆದರಿಕೆಯಿತ್ತು. ಜೊತೆಗೆ ಬರುವ ಹತ್ತು ಹೆಂಗಸರು ನನಗಿರಲಿಲ್ಲ, ನಿಮಗಿದ್ದಾರೆ.

ಇಷ್ಟಕ್ಕೂ ಕಾನೂನು ಕಲಿಯಬೇಕಾದವರು ಯಾರು? ಬಾಗಿಲಿಗೆ ಬಂದ ಹೆಣ್ಣನ್ನು ವಾಪಸು ಕಳಿಸುವವರು ಸರ್ಕಾರದ ಸಂಬಳ ಪಡೆದು ತರಬೇತಿ ಮುಗಿಸಿ ಬಂದವರು. ಅವರು ಮಾಡದ ಕೆಲಸಕ್ಕೆ ಕೂಲಿ ಹೆಂಗಸು ಸಾಲ ಮಾಡಿ ಸರ್ಟಿಫಿಕೇಟ್ ತರಬೇಕೆ? ಅದು ತಂದ ಮೇಲೆ "ವಕೀಲರ ಕರ್ಕೊಂಡು ಬಾ" ಎನ್ನುವುದಿಲ್ಲವೆಂದು ಯಾವ ಗ್ಯಾರಂಟಿ?

ಆ ದಿನ ಸಂಘ ಸಾಲ ಕೊಡಲಿಲ್ಲ. ಬದಲಿಗೆ ಆರು ಮಂದಿಗೆ ಬಸ್ ಚಾರ್ಜು ಮಂಜೂರು ಮಾಡಿತು. ಮಾರನೆಯ ದಿನವೇ ಅವಳ ಜೊತೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದರು, ನಾನೂ ಹೋದೆ. ತಂಗಿಯ ಅರ್ಜಿ ಈಗ ನ್ಯಾಯಾಲಯದಲ್ಲಿದೆ. ತೀರ್ಪು ಏನಾಗುವುದೋ ಹೇಳಲಾರೆ. ಆದರೆ ತಂಗಿ ಈಗ ಅಕ್ಕನ ಮನೆಯಲ್ಲಿದ್ದಾಳೆ, ಜೀವಂತವಾಗಿದ್ದಾಳೆ.

ನಿಮ್ಮ ಸಂಘದಲ್ಲೂ ಇಂಥ ಅರ್ಜಿ ಬಂದರೆ ಸಾಲದ ಪುಸ್ತಕ ಮುಚ್ಚಿಡಿ. ಮೊದಲು "ಯಾರು ಯಾರು ಜೊತೆಗೆ ಹೋಗ್ತೀರಿ?" ಎಂದು ಕೇಳಿ, ಅವರ ಹೆಸರು ನಡಾವಳಿಯಲ್ಲಿ ಬರೆಯಿರಿ.