ಕೂದಲೆಳೆಯ ಅಂತರದ ಗೆಲುವು

1996ನೆಯ ಇಸವಿಯ ಅಕ್ಟೋಬರ್ 21ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟೈಟನ್ ಕಪ್ಪಿಗಾಗಿ ಭಾರತವೂ ಆಸ್ಟ್ರೇಲಿಯವೂ ಸೆಣಸಿದುವು. ಆಸ್ಟ್ರೇಲಿಯ 215 ರನ್ ಗಳಿಸಿತು. ಅದರಲ್ಲಿ ನಾಯಕ ಮಾರ್ಕ್ ಟೇಲರನ ಪಾಲೇ 105. ಉತ್ತರವಾಗಿ ಆಡಿದ ಭಾರತದ ತೆಂಡೂಲ್ಕರರು 88 ರನ್ ಹೊಡೆದು ನಿರ್ಗಮಿಸಿದಾಗ ಮೊತ್ತ 164, ಬಿದ್ದ ವಿಕೆಟ್ಟು ಎಂಟು. ಇನ್ನು 52 ಬೇಕು, ಉಳಿದವರು ಬೌಲರುಗಳು. ಶ್ರೀನಾಥ್ ಮತ್ತು ಕುಂಬ್ಳೆ ಆ ಐವತ್ತೆರಡನ್ನೂ ಕೂಡಿಸಿ, 7 ಎಸೆತಗಳು ಉಳಿದಿರುವಂತೆಯೇ ತಂಡವನ್ನು ಎರಡು ವಿಕೆಟ್ಟುಗಳಿಂದ ಗೆಲ್ಲಿಸಿದರು. ಅಂದಿನ ತಂಡದಲ್ಲಿ ಕರ್ನಾಟಕದವರು ಆರು ಮಂದಿ. ಅವರಲ್ಲೊಬ್ಬರು ಗದಗಿನ ಸುನಿಲ್ ಜೋಶಿಯವರು.

ಇಂಥ ಪಂದ್ಯವನ್ನು ನೆನೆಯುವಾಗ ಗುಂಡಿಗೆ ಗಟ್ಟಿಯಿದ್ದವರು ಗೆದ್ದರೆನ್ನುವುದು ವಾಡಿಕೆ. ಶ್ರೀನಾಥ್, ಕುಂಬ್ಳೆಯವರ ಧೈರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬ್ಯಾಟಿನ ಅಂಚನ್ನು ಸವರಿದ ಚೆಂಡು ಗೂಟಕ್ಕೆ ಬಡಿಯುವುದಕ್ಕೂ ಗೂಟದ ಪಕ್ಕದಲ್ಲಿ ಜಾರಿ ಗಡಿ ದಾಟುವುದಕ್ಕೂ ಇರುವುದು ಬೆರಳಗಲದ ಭೇದ. ಆ ಬೆರಳಗಲದಲ್ಲಿ ಆಕಸ್ಮಿಕದ ಪಾಲು ದೊಡ್ಡದು.

ಒಂದು ನಾಣ್ಯವನ್ನು ನೂರು ಬಾರಿ ಚಿಮ್ಮಿಸಿ ನೋಡಿರಿ. ಸರಿಯಾಗಿ 50 ಸಲ ರಾಜನ ಮುಖವೇ ಬೀಳುವುದು ನೂರು ಪ್ರಯೋಗಗಳಲ್ಲಿ ಸುಮಾರು ಎಂಟರಲ್ಲಿ ಮಾತ್ರ. (ಈಗಿನ ನಾಣ್ಯದಲ್ಲಿ ರಾಜನಿಲ್ಲ, ಸಿಂಹಗಳಿವೆ, ಮಾತು ಮಾತ್ರ ಉಳಿದಿದೆ.) ಒಮ್ಮೆ 47, ಇನ್ನೊಮ್ಮೆ 54 ಬಂದರೆ ನಾಣ್ಯವು ಕೆಟ್ಟಿತೆಂದು ಯಾರೂ ಹೇಳರು. ಹಾಗಿರುವಾಗ, ಕೂದಲೆಳೆಯಲ್ಲಿ ಗೆದ್ದ ತಂಡವೇ ಉತ್ತಮ, ಸೋತದ್ದು ಕೀಳು ಎಂದು ಒಂದೇ ಪಂದ್ಯದಿಂದ ತೀರ್ಪು ಕೊಡುವುದು ಹೇಗೆ?

ಅಮೆರಿಕದ ಬೇಸ್‌ಬಾಲ್ ಇದಕ್ಕೆ ಒಳ್ಳೆಯ ಸಾಕ್ಷಿ. 1960ರ ವಿಶ್ವ ಸರಣಿಯ ಏಳು ಪಂದ್ಯಗಳಲ್ಲಿ ನ್ಯೂಯಾರ್ಕ್ ಯಾಂಕೀಸ್ ಒಟ್ಟು 55 ರನ್ ಗಳಿಸಿತು, ಪಿಟ್ಸ್‌ಬರ್ಗ್ ಪೈರೇಟ್ಸ್ ಕೇವಲ 27. ಆದರೂ ಪ್ರಶಸ್ತಿ ಪಿಟ್ಸ್‌ಬರ್ಗಿನದಾಯಿತು! ಕೊನೆಯ ಪಂದ್ಯ 9-9ರಲ್ಲಿ ನಿಂತಿದ್ದಾಗ ಬಿಲ್ ಮ್ಯಾಜೆರೋಸ್ಕಿ ಎಂಬಾತ ಚೆಂಡನ್ನು ಗೋಡೆಯಾಚೆಗೆ ಹೊಡೆದನು.

ಲೆಕ್ಕವೂ ಇದನ್ನೇ ಹೇಳುತ್ತದೆ. ಹತ್ತರಲ್ಲಿ ಆರು ಬಾರಿ ಗೆಲ್ಲಬಲ್ಲ ತಂಡವೊಂದಿದೆಯೆನ್ನೋಣ. ಒಂದೇ ಪಂದ್ಯವಾಡಿಸಿದರೆ ದುರ್ಬಲ ತಂಡ ಗೆಲ್ಲುವ ಸಂಭವ ನೂರಕ್ಕೆ 40. ಮೂರು ಪಂದ್ಯಗಳ ಸರಣಿಯಾದರೆ 35, ಏಳರದಾದರೂ 29. ಸಂಭವ ಇಳಿಯುವುದು ಎಷ್ಟು ನಿಧಾನವೆಂಬುದನ್ನು ಗಮನಿಸಬೇಕು.

ರೋಣ, ನರಗುಂದ, ಗಜೇಂದ್ರಗಡದ ಕಡೆಯ ಹುಡುಗರಿಗೆ ಇದು ಬರಿಯ ಲೆಕ್ಕವಲ್ಲ. ಸುನಿಲ್ ಜೋಶಿಯವರು ಅಭ್ಯಾಸಕ್ಕಾಗಿ ಗದಗಿನಿಂದ ಹುಬ್ಬಳ್ಳಿಗೆ, ಸುಮಾರು 60 ಕಿಲೋಮೀಟರ್, ರೈಲಿನಲ್ಲಿ ಹೋಗಿಬರುತ್ತಿದ್ದರು. ಗದಗಿಗಿಂತಲೂ ಒಳಗಿನ ಊರುಗಳಿಂದ ಬರುವ ಹುಡುಗನಿಗೆ ದಾರಿ ಇನ್ನೂ ಉದ್ದ. ಸೋತ ತಂಡ ಮನೆಗೆ ಎಂಬ ಪದ್ಧತಿಯ ಪಂದ್ಯಾವಳಿಯಲ್ಲಿ ಅವನ ತಂಡ ಎರಡು ರನ್ನಿನಿಂದ ಸೋತರೆ, ಅವನ ಆಟವನ್ನು ಮತ್ತೆ ನೋಡುವವರಾರು? ಅಂತಿಮ ಪಂದ್ಯದ ಸೊಗಸನ್ನು ಕೆಡಿಸಬೇಕೆಂದು ನಾವು ಹೇಳುತ್ತಿಲ್ಲ. ಬಟ್ಟಲನ್ನು ಗೆದ್ದವರೇ ಒಯ್ಯಲಿ. ಆಟಗಾರರ ಆಯ್ಕೆ ಮಾತ್ರ ಬೇರೆ ಕೆಲಸ, ಅದಕ್ಕೆ ಬೇರೆ ಅಳತೆ ಬೇಕು.

ಆ ಅಳತೆಗೆ ಹೆಚ್ಚು ಖರ್ಚಿಲ್ಲ. ಈ ಮೂರು ಊರುಗಳ ಶಾಲೆಗಳು ಜೋಳದ ಸುಗ್ಗಿ ಮುಗಿದ ಮೇಲೆ ಪರಸ್ಪರ ಹಲವು ಬಾರಿ ಆಡಲಿ. ಗೆರೆ ಹಾಕಿದ ಒಂದು ನೋಟುಪುಸ್ತಕದಲ್ಲಿ ಪ್ರತಿ ಎಸೆತವನ್ನೂ ವಿದ್ಯಾರ್ಥಿಗಳೇ ಬರೆದಿಡಲಿ. ಆಯ್ಕೆಗಾರರು ಬಂದ ದಿನ ಹುಡುಗ ಸೊನ್ನೆಗೆ ಔಟಾದರೂ, ಹಿಂದಿನ ಇಪ್ಪತ್ತು ಆಟಗಳ ಬರಹವನ್ನು ಅವರ ಮುಂದಿಡಬಹುದು.