ಹಳೇ ಕಾರಿನ ಕಪ್ಪು ಫಿಲ್ಮ್: ಅಂಟಿಸಿದ್ದು ಒಬ್ಬರು, ದಂಡ ಇನ್ನೊಬ್ಬರಿಗೆ

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಗ್ಲಾಸಿನ ಹಳೇ ಸನ್ ಫಿಲ್ಮ್ ಕೂಡ ಜೊತೆಗೇ ಬರುತ್ತೆ. ಅಂಟಿಸಿದ್ದು ಹಳೇ ಓನರ್, ಚೆಕಿಂಗ್‌ನಲ್ಲಿ ಸಿಕ್ಕಿಬೀಳೋದು ಹೊಸಬರು.

ಕಾರಿನ ಗ್ಲಾಸಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿತ್ತು. ಆಮೇಲೆ ನಿಯಮ ತಿದ್ದುಪಡಿಯಾಗಿದೆ ಎಂದು 2024ರಲ್ಲಿ ಕೇರಳ ಹೈಕೋರ್ಟ್ ಹೇಳಿದ್ದೇ ತಡ, ‘ಈಗ ಫಿಲ್ಮ್ ಹಾಕಬಹುದಂತೆ’ ಅನ್ನೋ ಮಾತು ಹರಡಿತು. ಇದು ಅರ್ಧ ಸತ್ಯ. ಆ ತೀರ್ಪಿನ ಪ್ರಕಾರವೂ ಮುಂದಿನ, ಹಿಂದಿನ ಗ್ಲಾಸಿನಲ್ಲಿ ಶೇ 70, ಪಕ್ಕದ ಕಿಟಕಿಗಳಲ್ಲಿ ಶೇ 50ರಷ್ಟು ಬೆಳಕು ಹಾಯಲೇಬೇಕು. ಒಳಗೆ ಕೂತವರು ಕಾಣದಷ್ಟು ಕಪ್ಪಿದ್ದರೆ ಅದು ರಕ್ಷಣೆಗೆ ಬರಲ್ಲ.

ಪೊಲೀಸರು ತಡೆದಾಗ ರಸ್ತೆ ಬದಿಯಲ್ಲೇ ಕಿತ್ತರೆ ಗಮ್ ಗ್ಲಾಸಿನಲ್ಲೇ ಉಳಿಯುತ್ತೆ. ಹಿಂದಿನ ಗ್ಲಾಸಿಗೆ ಬ್ಲೇಡ್ ಹಾಕಿ ಡಿಫಾಗರ್ ಗೆರೆ ಕಟ್ ಆದ್ರೆ ಮಳೆಗಾಲದಲ್ಲಿ ಅಲ್ಲಿ ಮಂಜು ಬಿಡಲ್ಲ. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ, ಮೂಲೆಯಿಂದ ನಿಧಾನಕ್ಕೆ ಎಳೆದು, ಉಳಿದ ಗಮ್ಮನ್ನು ಸೋಪು ನೀರಲ್ಲಿ ನೆನೆಸಿ ತೆಗೆಯಬೇಕು. ಇದು ಅರ್ಧ ದಿನದ ಕೆಲಸ.

ಆದ್ದರಿಂದ ಟೈರ್, ಇನ್ಶೂರೆನ್ಸ್ ನೋಡುವಾಗಲೇ ಗ್ಲಾಸನ್ನೂ ನೋಡಿ. ಫಿಲ್ಮ್ ತೆಗೆಸಿಕೊಟ್ಟ ಮೇಲೇ ಅಡ್ವಾನ್ಸ್ ಕೊಡೋದು ಒಳ್ಳೇದು.